ಲಂಡನ್ ನಿಧಾನವೋ, ಹುಬ್ಬಳ್ಳಿ ನಿಧಾನವೋ? ದೇಶ ದೇಶದ ಟ್ರಾಫಿಕ್ ಹೋಲಿಸುವ ಬಗೆ

ವರ್ಷದ ಮೊದಲಿಗೆ, ದಾರಿ ತೋರಿಸುವ ಮ್ಯಾಪ್ ಮಾಡುವ ಟಾಮ್‌ಟಾಮ್ ಕಂಪನಿಯ ಟ್ರಾಫಿಕ್ ಪಟ್ಟಿ ಬರುತ್ತದೆ. ಮರುದಿನ ಪೇಪರಿನಲ್ಲಿ ಬೆಂಗಳೂರಿನ ಸಿಲ್ಕ್ ಬೋರ್ಡ್ ಫೋಟೋ ಗ್ಯಾರಂಟಿ. 2023ರ ಪಟ್ಟಿಯಲ್ಲಿ ಎಲ್ಲಕ್ಕಿಂತ ನಿಧಾನ ಅಂತ ಹೆಸರು ಪಡೆದದ್ದು ಲಂಡನ್. ನಗರದ ನಡು ಭಾಗದಲ್ಲಿ 10 ಕಿ.ಮೀ. ಹೋಗಲು ಸರಾಸರಿ 37 ನಿಮಿಷ 20 ಸೆಕೆಂಡ್. ಬೆಂಗಳೂರಿಗೆ ಬೇಕಾದದ್ದು 28 ನಿಮಿಷ 10 ಸೆಕೆಂಡ್, ಸ್ಥಾನ ಆರನೆಯದು. 2024ರ ಪಟ್ಟಿಯಲ್ಲಿ ಕೊಲಂಬಿಯಾದ ಬಾರಂಕಿಯಾ ಮೇಲೆ ಬಂತು, 36 ನಿಮಿಷ 6 ಸೆಕೆಂಡ್. ಅದರ ಹಿಂದೆ ಕೋಲ್ಕತ್ತ, ಬೆಂಗಳೂರು, ಪುಣೆ, ಆಮೇಲೆ ಲಂಡನ್.

ಹುಬ್ಬಳ್ಳಿ-ಧಾರವಾಡ ಈ ಮೇಲಿನ ಸಾಲಿನಲ್ಲಿ ಕಾಣುವುದಿಲ್ಲ. ಆದರೂ ವಾದ ನಮ್ಮ ಮನೆಯಲ್ಲೇ ಜೋರು. ನಮ್ಮ ಅಕ್ಕನ ಮಗ ಲಂಡನ್‌ನಲ್ಲಿದ್ದಾನೆ. "ಮಾಮಾ, ನಿಮ್ಮ ಹುಬ್ಬಳ್ಳಿನ ಆರಾಮ ಐತಿ, ಇಲ್ಲಿ ಕಾರಿಗಿಂತ ಸೈಕಲ್ ಮುಂದ ಹೋಗತೈತಿ" ಅಂತಾನೆ. ನಾನು ಹುಬ್ಬಳ್ಳಿಯಲ್ಲಿ ಔಷಧಿ ಹೋಲ್‌ಸೇಲ್ ಅಂಗಡಿಯಲ್ಲಿ ಗಾಡಿಗಳನ್ನು ಕಳಿಸುವ ಕೆಲಸ ನೋಡಿಕೊಳ್ಳುತ್ತೇನೆ. ಯಾವ ಓಮ್ನಿ ಯಾವ ಓಣಿಗೆ, ಎಷ್ಟು ಹೊತ್ತಿಗೆ, ಐಸ್ ಪ್ಯಾಕ್ ಹಾಕಿದ ಇನ್ಸುಲಿನ್ ಬಾಕ್ಸ್ ಎಷ್ಟರೊಳಗೆ ಮುಟ್ಟಬೇಕು, ಇದೇ ನನ್ನ ದಿನದ ಲೆಕ್ಕ. ಹಾಗಾಗಿ ಸುಮ್ನೆ ಬಾಯಿಮಾತಿನಲ್ಲಿ ವಾದ ಮಾಡುವುದು ನನಗೆ ಆಗುವುದಿಲ್ಲ. ಅಂಕಿ ಬೇಕು, ಅದೂ ಒಂದೇ ಅಳತೆಯ ಅಂಕಿ ಬೇಕು. ಆ ಅಂಕಿಯನ್ನು ಹೇಗೆ ತೆಗೆಯುವುದು ಅಂತ ಇಲ್ಲಿ ಬರೆಯುತ್ತಿದ್ದೇನೆ. ಬೇಕಾಗುವುದು ಒಂದು ಫೋನು, ಒಂದು ನೋಟ್‌ಬುಕ್ಕು, ಒಂದಿಷ್ಟು ತಾಳ್ಮೆ.

ಮೊದಲು ಎಲ್ಲವನ್ನೂ ಒಂದೇ ಅಳತೆಗೆ ತನ್ನಿ

ಟಾಮ್‌ಟಾಮ್ ನಿಮಿಷದಲ್ಲಿ ಹೇಳುತ್ತದೆ. ನಮ್ಮ ಗಾಡಿಯ ಮೀಟರ್ ಕಿ.ಮೀ.ಯಲ್ಲಿ ಹೇಳುತ್ತದೆ. ಇಂಗ್ಲೆಂಡಿನವರು, ಅಮೆರಿಕದವರು ಮೈಲಿಯಲ್ಲಿ ಮಾತಾಡುತ್ತಾರೆ. ಇವನ್ನು ಕೂಡಿಸುವುದು ಸುಲಭ. 10 ಕಿ.ಮೀ.ಗೆ ಎಷ್ಟು ನಿಮಿಷ ಅಂತ ಗೊತ್ತಿದ್ದರೆ, 600 ಅನ್ನು ಆ ನಿಮಿಷದಿಂದ ಭಾಗಿಸಿ. ಬಂದದ್ದು ಗಂಟೆಗೆ ಎಷ್ಟು ಕಿ.ಮೀ. ಎನ್ನುವ ವೇಗ. ಸೆಕೆಂಡ್ ಇದ್ದರೆ ಅದನ್ನು ಮೊದಲು 60ರಿಂದ ಭಾಗಿಸಿ ನಿಮಿಷಕ್ಕೆ ಸೇರಿಸಿಕೊಳ್ಳಿ. ಲಂಡನ್‌ನ 37 ನಿಮಿಷ 20 ಸೆಕೆಂಡ್ ಅಂದರೆ 37.33. ಭಾಗಿಸಿದರೆ ಗಂಟೆಗೆ 16 ಕಿ.ಮೀ. ಬೆಂಗಳೂರಿನ 28 ನಿಮಿಷ 10 ಸೆಕೆಂಡ್ ಅಂದರೆ ಗಂಟೆಗೆ 21 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಮೈಲಿಯಲ್ಲಿ ಕೊಟ್ಟಿದ್ದರೆ 1.6ರಿಂದ ಗುಣಿಸಿ, ಸಾಕು. ಅಳಿಯ ಹೇಳಿದ ಸೈಕಲ್ ಮಾತು ಉತ್ಪ್ರೇಕ್ಷೆ ಅಲ್ಲ ಅಂತ ನನಗೆ ಈ ಭಾಗಾಕಾರ ಮಾಡಿದ ಮೇಲೇ ನಂಬಿಕೆ ಬಂತು.

ಆದರೆ ಎಲ್ಲ ಪಟ್ಟಿಗಳೂ ವೇಗ ಹೇಳುವುದಿಲ್ಲ. 2019ರ ಟಾಮ್‌ಟಾಮ್ ಪಟ್ಟಿಯಲ್ಲಿ ಬೆಂಗಳೂರು ಜಗತ್ತಿಗೇ ಮೊದಲು ಅಂತ ಸುದ್ದಿಯಾಗಿತ್ತು. ಅಲ್ಲಿ ಇದ್ದದ್ದು 71% ಎನ್ನುವ ಅಂಕಿ. ಅದು ವೇಗವಲ್ಲ. ರಸ್ತೆ ಖಾಲಿ ಇದ್ದಾಗ 30 ನಿಮಿಷ ಹಿಡಿಯುವ ದಾರಿಗೆ 71% ಜಾಸ್ತಿ, ಅಂದರೆ ಸರಾಸರಿ 51 ನಿಮಿಷ ಹಿಡಿಯುತ್ತದೆ ಎನ್ನುವ ಮಾತು. ಇನ್ನೊಂದು ಕಂಪನಿ, ಇನ್‌ರಿಕ್ಸ್, ವರ್ಷಕ್ಕೆ ಒಬ್ಬ ಚಾಲಕ ಜಾಮಿನಲ್ಲಿ ಎಷ್ಟು ಗಂಟೆ ಕಳೆದುಕೊಂಡ ಅಂತ ಲೆಕ್ಕ ಹಾಕುತ್ತದೆ. 2024ರಲ್ಲಿ ಅದರ ಪಟ್ಟಿಯ ಮೇಲಿದ್ದದ್ದು ಇಸ್ತಾಂಬುಲ್, 105 ಗಂಟೆ. ನ್ಯೂಯಾರ್ಕ್ ಮತ್ತು ಶಿಕಾಗೋ 102 ಗಂಟೆ.

ವೇಗ, ಪರ್ಸೆಂಟು, ಕಳೆದ ಗಂಟೆ, ಮೂರೂ ಬೇರೆ. ಒಂದರ ಅಂಕಿ ತಂದು ಇನ್ನೊಂದರ ಪಕ್ಕ ಇಟ್ಟು ವಾದ ಮಾಡುವವರೇ ಜಾಸ್ತಿ. ಯಾರಾದರೂ "ಆ ಊರು ಮೊದಲನೇ ನಂಬರು" ಅಂದರೆ, ಯಾವುದರಲ್ಲಿ ಮೊದಲು ಅಂತ ಮೊದಲು ಕೇಳಿ.

ಎರಡು ವರ್ಷದ ಸ್ಥಾನಗಳನ್ನು ಹೋಲಿಸುವಾಗಲೂ ಹುಷಾರು. 2023ರ ಪಟ್ಟಿಯಲ್ಲಿ ಇದ್ದದ್ದು 387 ನಗರ, 2024ರದ್ದರಲ್ಲಿ 500. ಹೊಸ ಊರುಗಳು ಸೇರಿದರೆ ಹಳೆಯ ಊರಿನ ನಂಬರು ತಾನಾಗಿ ಅತ್ತಿತ್ತ ಆಗುತ್ತದೆ. ಜೊತೆಗೆ ಅದು ನಗರದ ನಡು ಭಾಗದ ಅಂಕಿಯೋ, ಸುತ್ತಲಿನ ಊರುಗಳೂ ಸೇರಿದ ಇಡೀ ಪ್ರದೇಶದ್ದೋ ಅಂತಲೂ ನೋಡಬೇಕು. ಪೇಪರಿನವರು ಇದನ್ನು ಬರೆಯುವುದೇ ಇಲ್ಲ.

ನಿಧಾನ ಬೇರೆ, ಜಾಮ್ ಬೇರೆ

ಇಡೀ ಹೋಲಿಕೆ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಎರಡು ಊರು ತೆಗೆದುಕೊಳ್ಳೋಣ, ಲೆಕ್ಕಕ್ಕೆ ಮಾತ್ರ. ಒಂದು ಊರಿನಲ್ಲಿ ರಾತ್ರಿ ಗಂಟೆಗೆ 60 ಕಿ.ಮೀ. ಹೋಗಬಹುದು, ಸಂಜೆ 30ಕ್ಕೆ ಇಳಿಯುತ್ತದೆ. ಅಲ್ಲಿ ಅದೇ ದಾರಿಗೆ ಸಂಜೆ ದುಪ್ಪಟ್ಟು ಹೊತ್ತು, ಅಂದರೆ ಜಾಮ್ 100%. ಇನ್ನೊಂದು ಊರಿನಲ್ಲಿ ರಾತ್ರಿಯೇ 25, ಸಂಜೆ 20. ಅಲ್ಲಿ ಜಾಮ್ ಬರೀ 25%. ಪರ್ಸೆಂಟಿನ ಪಟ್ಟಿಯಲ್ಲಿ ಮೊದಲನೇ ಊರಿಗೆ ಕೆಟ್ಟ ಹೆಸರು. ಆದರೆ ಔಷಧಿ ಡಬ್ಬಿ ಹೊತ್ತ ನನ್ನ ಗಾಡಿಯನ್ನು ಯಾವ ಊರಿನಲ್ಲಿ ಓಡಿಸಲು ಇಷ್ಟ ಅಂತ ಕೇಳಿದರೆ, ಸಂಜೆಯ ಜಾಮಿನಲ್ಲೂ ಮೊದಲನೆಯದೇ.

ಅಕ್ಬರ್, ಕೂಟೂರ್, ಡುರಾಂಟನ್, ಸ್ಟೋರಿಗಾರ್ಡ್ ಎನ್ನುವ ನಾಲ್ವರು ಅರ್ಥಶಾಸ್ತ್ರಜ್ಞರು ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ 2023ರಲ್ಲಿ ಹೊರತಂದರು. 152 ದೇಶ, 1,200ಕ್ಕೂ ಹೆಚ್ಚು ನಗರ. ಅವರೇನೂ ಊರೂರಿಗೆ ಹೋಗಿ ಗಾಡಿ ಓಡಿಸಲಿಲ್ಲ. ಇಲ್ಲಿಂದ ಅಲ್ಲಿಗೆ ಹೋಗಲು ಈಗ ಎಷ್ಟು ಹೊತ್ತು ಅಂತ ಗೂಗಲ್ ಮ್ಯಾಪ್ಸ್‌ಗೆ ಮತ್ತೆ ಮತ್ತೆ ಕೇಳಿದರು. ಅವರ ಲೆಕ್ಕದಲ್ಲಿ ಎಲ್ಲಕ್ಕಿಂತ ನಿಧಾನದ ನಗರ ಬಾಂಗ್ಲಾದೇಶದ ಢಾಕಾ. ಎಲ್ಲಕ್ಕಿಂತ ಜಾಸ್ತಿ ಜಾಮ್ ಇರುವ ನಗರ ಕೊಲಂಬಿಯಾದ ಬೊಗೋಟಾ. ಎರಡೂ ಬೇರೆ ಬೇರೆ ಊರು, ನೋಡಿ! ಎಲ್ಲಕ್ಕಿಂತ ವೇಗದ್ದು ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್.

ಅವರು ಕಂಡುಕೊಂಡ ದೊಡ್ಡ ವಿಷಯ ಇದು. ಶ್ರೀಮಂತ ದೇಶಗಳ ನಗರಗಳಲ್ಲಿ ಗಾಡಿಗಳು ಬಡ ದೇಶಗಳಿಗಿಂತ ಸುಮಾರು ಒಂದೂವರೆ ಪಟ್ಟು ವೇಗವಾಗಿ ಹೋಗುತ್ತವೆ. ಆದರೆ ಆ ಅಂತರಕ್ಕೆ ಮುಖ್ಯ ಕಾರಣ ಜಾಮ್ ಅಲ್ಲ. ಬಡ ದೇಶಗಳಲ್ಲಿ ರಸ್ತೆ ಖಾಲಿ ಇದ್ದಾಗಲೂ ನಿಧಾನ.

ಹುಬ್ಬಳ್ಳಿಯ ಪೇಟೆ ದುರ್ಗದಬೈಲ್ ಕಡೆ ಗಾಡಿ ಕಳಿಸುವವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಡಿಗಳು ಇನ್ನೂ ಬಾಗಿಲು ತೆಗೆಯದ ಹೊತ್ತಿನಲ್ಲೂ ಅಲ್ಲಿ ಮೂರನೇ ಗೇರಿಗಿಂತ ಮೇಲೆ ಹೋಗಲು ಆಗುವುದಿಲ್ಲ. ಓಣಿ ಕಿರಿದು. ತಿರುವಿನಲ್ಲಿ ಆಕಳು ಮಲಗಿರುತ್ತದೆ. ನೀರಿನ ಪೈಪಿಗೆ ಅಗೆದದ್ದನ್ನು ಅರ್ಧ ಮುಚ್ಚಿರುತ್ತಾರೆ. ಫುಟ್‌ಪಾತ್ ಇಲ್ಲದ್ದರಿಂದ ಜನ ರಸ್ತೆಯಲ್ಲೇ ನಡೆಯಬೇಕು. ಯಾರ ಮನೆ ಮುಂದೆ ನೋಡಿದರೂ ಒಂದು ಹಂಪ್. ಇದು ಟ್ರಾಫಿಕ್ ಜಾಮ್ ಅಲ್ಲ, ರಸ್ತೆಯೇ ಹಾಗಿದೆ. ಸಿಗ್ನಲ್ ಟೈಮಿಂಗ್ ಬದಲಿಸಿ, ಪೊಲೀಸರನ್ನು ನಿಲ್ಲಿಸಿ ಇದನ್ನು ಸರಿ ಮಾಡಲು ಆಗುವುದಿಲ್ಲ.

ಫ್ಲಿಂಟ್ ವೇಗದ ಊರು ಅಂದ ಕೂಡಲೇ ಅದು ಸ್ವರ್ಗ ಅಂತಲೂ ತಿಳಿಯಬೇಡಿ. ಅದು ಜನರಲ್ ಮೋಟರ್ಸ್ ಕಂಪನಿಯ ಕಾರು ಕಾರ್ಖಾನೆಗಳಿಂದ ಬೆಳೆದ ಊರು. 1960ರಲ್ಲಿ ಅಲ್ಲಿ ಸುಮಾರು 1,97,000 ಜನ ಇದ್ದರು, 2020ರಲ್ಲಿ ಉಳಿದವರು ಸುಮಾರು 81,000. ಕಾರ್ಖಾನೆ ಮುಚ್ಚಿ ಜನ ಊರು ಬಿಟ್ಟರು, ಅಗಲದ ರಸ್ತೆಗಳು ಹಾಗೇ ಉಳಿದವು. ಅಷ್ಟು ರಸ್ತೆಗೆ ಅಷ್ಟು ಕಡಿಮೆ ಗಾಡಿ ಇದ್ದರೆ ಯಾವ ಊರಾದರೂ ಓಡುತ್ತದೆ.

ನಿಮ್ಮ ಊರನ್ನು ಅಳೆಯುವುದು

ಐದಾರು ದಾರಿ ಆರಿಸಿಕೊಳ್ಳಿ. ಒಂದೇ ದಾರಿಯಿಂದ ಊರನ್ನು ತೂಗಬೇಡಿ. ನಾನು ಹಿಡಿದಿರುವುದು ಇವು: ಕೇಶ್ವಾಪುರದ ಸರ್ವೋದಯ ಸರ್ಕಲ್‌ನಿಂದ ಗೋಕುಲ್ ರಸ್ತೆ, ಅಂದರೆ ಊರಿನ ನಡುವೆ ಹಾದು ಆ ಕಡೆಗೆ. ಹಳೇ ಹುಬ್ಬಳ್ಳಿಯಿಂದ ವಿದ್ಯಾನಗರ. ದುರ್ಗದಬೈಲ್ ಸುತ್ತಲಿನ ಪೇಟೆ. ಅಮರಗೋಳ ಎಪಿಎಂಸಿ ಕಡೆಯ ದಾರಿ, ಅಲ್ಲಿ ಲಾರಿ, ಟ್ರ್ಯಾಕ್ಟರ್ ಜಾಸ್ತಿ. ಚೆನ್ನಮ್ಮ ಸರ್ಕಲ್‌ನಿಂದ ಧಾರವಾಡದ ಜುಬಿಲಿ ಸರ್ಕಲ್. ಕೊನೆಯದು ಧಾರವಾಡದೊಳಗೇ, ಟೋಲ್ ನಾಕಾದಿಂದ ಕೋರ್ಟ್ ಸರ್ಕಲ್ ದಾಟಿ ಆಚೆಗೆ. ಗದಗಿನವರಾದರೆ ಮುಳಗುಂದ ನಾಕಾದಿಂದ ಬೆಟಗೇರಿ ಒಳ್ಳೆಯ ದಾರಿ. ಹಾವೇರಿಯಲ್ಲಿ ಊರು ಚಿಕ್ಕದು, ಎರಡು ಮೂರು ದಾರಿ ಸಾಕು.

ಬೈಪಾಸನ್ನು ಇದರಲ್ಲಿ ಸೇರಿಸಬೇಡಿ. ಗಬ್ಬೂರಿನಿಂದ ನರೇಂದ್ರದವರೆಗೆ ಹೆದ್ದಾರಿಯಲ್ಲಿ ಹೋದ ವೇಗ ಸೇರಿಸಿದರೆ ಇಡೀ ಊರಿನ ಸರಾಸರಿ ಸುಳ್ಳೇ ಮೇಲೇರುತ್ತದೆ. ಮ್ಯಾಪ್ಸ್‌ನಲ್ಲಿ ಹೆದ್ದಾರಿ ಬೇಡ, ಟೋಲ್ ಬೇಡ ಅಂತ ಆರಿಸುವ ಅವಕಾಶ ಇದೆ. ದಾರಿ ಹೊರಗೆ ಸುತ್ತಿಕೊಂಡು ಹೋಗುತ್ತಿದ್ದರೆ ಅದನ್ನು ಬಳಸಿ.

ಪ್ರತಿ ದಾರಿಗೂ ಎರಡು ಸಮಯ ಬರೆಯಿರಿ. ಒಂದು, ನಸುಕಿನ ನಾಲ್ಕು ಗಂಟೆಯದು. ಇನ್ನೊಂದು, ಸಂಜೆ ಆರರದ್ದು. ಬೆಳಗ್ಗೆ ಶಾಲೆ-ಆಫೀಸು ಹೊತ್ತಿನದ್ದೂ ಬರೆದರೆ ಇನ್ನೂ ಒಳ್ಳೆಯದು. ನಸುಕಿನಲ್ಲಿ ಏಳಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಗೂಗಲ್ ಮ್ಯಾಪ್ಸ್ ತೆರೆದು, 'ಲೀವ್ ನೌ' ಅಂತ ಇರುವಲ್ಲಿ ಒತ್ತಿ, 'ಡಿಪಾರ್ಟ್ ಅಟ್' ಆರಿಸಿ ಹೊತ್ತು ಕೊಡಿ. ಅದು ಇಷ್ಟರಿಂದ ಇಷ್ಟು ನಿಮಿಷ ಅಂತ ಒಂದು ವ್ಯಾಪ್ತಿ ತೋರಿಸುತ್ತದೆ. ಎರಡೂ ಅಂಕಿ ಬರೆದುಕೊಳ್ಳಿ, ಚಂದ ಕಂಡದ್ದನ್ನಷ್ಟೇ ಅಲ್ಲ. ನಸುಕಿನಲ್ಲಿ ಆ ವ್ಯಾಪ್ತಿ ಕಿರಿದಾಗಿರುತ್ತದೆ, ಸಂಜೆ ಅಗಲವಾಗುತ್ತದೆ. ನನ್ನ ಕೆಲಸದಲ್ಲಿ ಸರಾಸರಿಗಿಂತ ಈ ಅಗಲವೇ ಮುಖ್ಯ. ಇನ್ಸುಲಿನ್ ಬಾಕ್ಸಿಗೆ ಐಸ್ ಪ್ಯಾಕ್ ಎಷ್ಟು ಹಾಕಬೇಕು ಎನ್ನುವುದು ಕೆಟ್ಟ ದಿನದ ಮೇಲೆ ನಿಂತಿರುತ್ತದೆ.

ಮಂಗಳವಾರ, ಬುಧವಾರ, ಗುರುವಾರ ನೋಡಿ. ಗಣೇಶ ವಿಸರ್ಜನೆ, ರಂಗಪಂಚಮಿ, ಒಳ್ಳೆಯ ಮದುವೆ ಮುಹೂರ್ತ ಇರುವ ದಿನ ಬೇಡ. ಮ್ಯಾಪ್ಸ್‌ನಲ್ಲಿ ಕಾರಿನ ಚಿತ್ರ ಆರಿಸಿ, ಬೈಕಿನದ್ದಲ್ಲ. ನಮ್ಮಲ್ಲಿ ಬೈಕು ಎರಡು ಕಾರಿನ ಸಂದಿಯಲ್ಲಿ ನುಸುಳಿ ಸಿಗ್ನಲ್‌ನ ಮುಂದೆ ಹೋಗಿ ನಿಲ್ಲುತ್ತದೆ. ಬೈಕಿನ ಹೊತ್ತನ್ನು ಲಂಡನ್ ಕಾರಿನ ಹೊತ್ತಿಗೆ ಹೋಲಿಸಿದರೆ ಗೆದ್ದಂತೆ ಕಾಣುತ್ತದೆ, ಅಷ್ಟೇ.

ಇನ್ನು ದೂರ. ಇದರ ಬಗ್ಗೆ ಯಾರೂ ಯೋಚನೆ ಮಾಡುವುದಿಲ್ಲ. ಒಂದು ಜಾಗದಿಂದ ಇನ್ನೊಂದಕ್ಕೆ ನೇರ ಗೆರೆ ಎಳೆದರೆ 4 ಕಿ.ಮೀ. ಅಂತಿಟ್ಟುಕೊಳ್ಳಿ. ಒನ್‌ವೇ, ರೈಲ್ವೆ ಹಳಿ, ಡಿವೈಡರ್‌ನಲ್ಲಿ ತಿರುವು ಇಲ್ಲದ್ದು, ಎಲ್ಲಾ ಸೇರಿ 6 ಕಿ.ಮೀ. ಸುತ್ತಿ ಹೋಗುತ್ತೀರಿ. ಹಿಡಿದದ್ದು 15 ನಿಮಿಷ. ಮೀಟರ್ ಪ್ರಕಾರ ಗಂಟೆಗೆ 24 ಕಿ.ಮೀ., ಪರವಾಗಿಲ್ಲ ಅನ್ನಿಸುತ್ತದೆ. ನೇರ ದೂರದ ಪ್ರಕಾರ ಬರೀ 16. ನೀವು ಮುಟ್ಟಬೇಕಾದದ್ದು ಆ ಜಾಗ ಅಲ್ವಾ? ಅದಕ್ಕೇ ಎರಡನ್ನೂ ಬರೆಯಿರಿ. ಕಂಪ್ಯೂಟರಿನ ಮ್ಯಾಪಿನಲ್ಲಿ ಮೌಸಿನ ಬಲಗುಂಡಿ ಒತ್ತಿದರೆ ನೇರ ದೂರ ಅಳೆಯುವ ಆಯ್ಕೆ ಸಿಗುತ್ತದೆ. ಹುಬ್ಬಳ್ಳಿಯಂಥ ರೈಲ್ವೆ ಊರಿನಲ್ಲಿ ಹಳಿಯ ಈಚೆಯಿಂದ ಆಚೆಗೆ ಹೋಗುವ ದಾರಿಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಈಗ ಲೆಕ್ಕ. ಅಳತೆ ತೋರಿಸಲು ಒಂದು ಉದಾಹರಣೆ ಕೊಡುತ್ತೇನೆ, ನಿಜವಾದ ಅಂಕಿ ನಿಮ್ಮ ನೋಟ್‌ಬುಕ್ಕಿನಿಂದ ಹಾಕಿಕೊಳ್ಳಿ. 6 ಕಿ.ಮೀ. ದಾರಿ, ನಸುಕಿನಲ್ಲಿ 12 ನಿಮಿಷ, ಸಂಜೆ 20. ಖಾಲಿ ರಸ್ತೆಯ ವೇಗ ಗಂಟೆಗೆ 30, ಸಂಜೆಯದು 18. ಜಾಸ್ತಿ ಹಿಡಿದ 8 ನಿಮಿಷವನ್ನು 12ರಿಂದ ಭಾಗಿಸಿದರೆ ಜಾಮ್ 67%. ಒಂದು ದಾರಿಗೆ ಮೂರು ಅಂಕಿ ಬಂತು.

ಎಲ್ಲ ದಾರಿಗಳ ಸರಾಸರಿ ತೆಗೆಯುವಾಗ ವೇಗಗಳನ್ನು ಕೂಡಿಸಿ ಭಾಗಿಸಬೇಡಿ. ಧಾರವಾಡದಿಂದ ಹುಬ್ಬಳ್ಳಿಗೆ 20 ಕಿ.ಮೀ. ಅಂತ ಹಿಡಿದು, ಹೋಗುವಾಗ 40ರ ವೇಗ, ಬರುವಾಗ 20ರ ವೇಗ ಅನ್ನಿ. ಸರಾಸರಿ 30 ಅಂತ ಬಾಯಿಗೆ ಬಂದುಬಿಡುತ್ತದೆ. ಹೋಗಲು ಅರ್ಧ ಗಂಟೆ, ಬರಲು ಒಂದು ಗಂಟೆ. 40 ಕಿ.ಮೀ.ಗೆ ಒಂದೂವರೆ ಗಂಟೆ, ಅಂದರೆ 27ಕ್ಕಿಂತಲೂ ಕಡಿಮೆ. ಎಲ್ಲ ದೂರ ಕೂಡಿಸಿ, ಎಲ್ಲ ಹೊತ್ತು ಕೂಡಿಸಿ, ಆಮೇಲೆ ಒಂದೇ ಸಲ ಭಾಗಿಸಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗಾಡಿ ನಿಲ್ಲಿಸಲು ಜಾಗ ಹುಡುಕುವ ಹೊತ್ತು ಈ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ನಮ್ಮ ಡ್ರೈವರ್ ತಡವಾಗಿ ಬಂದು ಹೇಳುವ ಮಾತು ಯಾವಾಗಲೂ ಒಂದೇ: "ಸಾಹೇಬ್ರ, ರೋಡ್ ಖಾಲಿ ಇತ್ರೀ, ಗಾಡಿ ನಿಲ್ಲಸಾಕ ಜಾಗಾ ಸಿಗಲಿಲ್ಲ." ಧಾರವಾಡದ ಲೈನ್ ಬಜಾರಿನಲ್ಲಿ ಪೇಢೆ ತರಲು ಹೋದವರಿಗೂ ಇದು ಗೊತ್ತು. ಇದನ್ನು ಅಳೆಯುವುದಾದರೆ ಬೇರೆ ಸಾಲಿನಲ್ಲಿ ಬರೆಯಿರಿ, ಓಡಾಟದ ಹೊತ್ತಿಗೆ ಸೇರಿಸಬೇಡಿ.

ಬೇರೆ ದೇಶದ ಊರನ್ನು ಕೂತಲ್ಲೇ ಅಳೆಯುವುದು

ದೂರದ ಊರಿಗೆ 'ಈಗ ಹೊರಟರೆ' ಎನ್ನುವ ಲೆಕ್ಕವನ್ನೇ ನೋಡುವುದು ಸರಳ. ಅಲ್ಲಿ ಜಾಮ್ ಇರುವ ಹೊತ್ತಿಗೆ ಇಲ್ಲಿ ನೀವು ಮ್ಯಾಪ್ ತೆರೆದರೆ ಆಯಿತು. ಲಂಡನ್‌ನಲ್ಲಿ ಬೆಳಗ್ಗೆ ಎಂಟೂವರೆ ಆದಾಗ ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ ಒಂದು, ಚಳಿಗಾಲದಲ್ಲಿ ಎರಡು. ಅವರು ಗಡಿಯಾರವನ್ನು ಮಾರ್ಚ್ ಕೊನೆಯ ಭಾನುವಾರ ಮುಂದಿಟ್ಟು ಅಕ್ಟೋಬರ್ ಕೊನೆಯ ಭಾನುವಾರ ಹಿಂದಿಡುತ್ತಾರೆ. ಅವರ ಸಂಜೆ ಐದೂವರೆ ನಮಗೆ ರಾತ್ರಿ ಹತ್ತು ಅಥವಾ ಹನ್ನೊಂದು. ಊಟ ಮಾಡಿ ಕೂತು ನೋಡಬಹುದು. ಇಸ್ತಾಂಬುಲ್‌ನ ಸಂಜೆ ಆರು ನಮ್ಮ ರಾತ್ರಿ ಎಂಟೂವರೆ.

ನಮ್ಮ ಸಂಜೆ ಐದೂವರೆ ಬಹಳ ಉಪಯೋಗದ ಹೊತ್ತು. ಆಗ ಢಾಕಾದಲ್ಲಿ ಸಂಜೆ ಆರು, ಬೊಗೋಟಾದಲ್ಲಿ ಬೆಳಗ್ಗೆ ಏಳು, ಬೇಸಿಗೆಯಾದರೆ ಫ್ಲಿಂಟ್‌ನಲ್ಲಿ ಬೆಳಗ್ಗೆ ಎಂಟು. ಅಂದರೆ ಆ ನಾಲ್ವರು ಅರ್ಥಶಾಸ್ತ್ರಜ್ಞರು ಹೆಸರಿಸಿದ ಮೂರೂ ಊರುಗಳಲ್ಲಿ ಏಕಕಾಲಕ್ಕೆ ಗಾಡಿಗಳ ಹೊತ್ತು. ನಮ್ಮ ಹೊಸೂರು ಸರ್ಕಲ್ ಕೂಡ ಆಗಲೇ ತುಂಬುತ್ತಿರುತ್ತದೆ. ನನ್ನ ಕೊನೆಯ ಗಾಡಿ ಹೊರಟ ಮೇಲೆ ಹತ್ತು ನಿಮಿಷ ಬಿಡುವಾದಾಗ ನಾಲ್ಕನ್ನೂ ನೋಡಿಬಿಡುತ್ತೇನೆ.

ರಜೆ ಗೊತ್ತಿರಲಿ. ಢಾಕಾದಲ್ಲಿ ವಾರದ ರಜೆ ಶುಕ್ರವಾರ-ಶನಿವಾರ. ಬೊಗೋಟಾದಲ್ಲಿ ಭಾನುವಾರ ಬೆಳಗ್ಗೆ ಸಿಕ್ಲೋವಿಯಾ ಅಂತ ನೂರಕ್ಕೂ ಹೆಚ್ಚು ಕಿ.ಮೀ. ರಸ್ತೆಯನ್ನು ಕಾರಿಗೆ ಮುಚ್ಚಿ ಸೈಕಲ್‌ನವರಿಗೆ, ನಡೆಯುವವರಿಗೆ ಬಿಡುತ್ತಾರೆ. 1974ರಲ್ಲೇ ಶುರುವಾದ ಪದ್ಧತಿ. ಆ ದಿನದ ಅಂಕಿ ತಂದರೆ ಹೋಲಿಕೆ ಕೆಡುತ್ತದೆ. ವಾರದ ದಿನಗಳಲ್ಲೂ ಅಲ್ಲಿ ನಂಬರ್ ಪ್ಲೇಟ್ ನೋಡಿ ಕಾರುಗಳನ್ನು ಸರದಿಯ ಮೇಲೆ ಬಿಡುವ ನಿಯಮ ಇದೆ. ಅಷ್ಟಿದ್ದೂ ಜಾಮಿನಲ್ಲಿ ಮೊದಲ ಸ್ಥಾನ.

ದಾರಿ ಆರಿಸುವಾಗ ನಿಮ್ಮ ದಾರಿಯಂಥದ್ದನ್ನೇ ಆರಿಸಿ. ಕೇಶ್ವಾಪುರದಿಂದ ಗೋಕುಲ್ ರಸ್ತೆ ಊರಿನ ನಡುವೆ ಹಾದು ಹೋಗುತ್ತದೆ. ಲಂಡನ್‌ನಲ್ಲೂ ಹಾಗೇ ನಡುವೆ ಹಾದು ಹೋಗುವಂಥದ್ದು ಬೇಕು. ಬ್ರಿಕ್ಸ್‌ಟನ್‌ನಿಂದ ಥೇಮ್ಸ್ ನದಿ ದಾಟಿ ಕ್ಯಾಮ್ಡೆನ್ ಟೌನ್ ಅಂಥ ದಾರಿ. ಹತ್ತಿರ ಹತ್ತಿರ 10 ಕಿ.ಮೀ. ಆಗುತ್ತದೆ, ಪಟ್ಟಿಯ ಅಳತೆಗೂ ಸರಿಹೋಗುತ್ತದೆ. ಆದರೆ ಲಂಡನ್ ಸುಮಾರು 90 ಲಕ್ಷ ಜನರ ಊರು. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡ ಎರಡೂ ಸೇರಿ 9.44 ಲಕ್ಷ. ಊರು ದೊಡ್ಡದಾದಷ್ಟೂ ನಡು ಭಾಗ ಬಿಗಿಯುತ್ತದೆ. ನ್ಯಾಯವಾದ ಹೋಲಿಕೆ ಬೇಕಾದರೆ ನಮ್ಮಷ್ಟೇ ಜನ ಇರುವ ಊರನ್ನು ಹುಡುಕಬೇಕು. ಬೆಂಗಳೂರನ್ನು ಲಂಡನ್‌ಗೆ, ನಮ್ಮನ್ನು ಎಂಟೊಂಬತ್ತು ಲಕ್ಷದ ಬೇರೆ ಊರಿಗೆ ಹೋಲಿಸಿ. ಅಳಿಯನಿಗೆ ಇದನ್ನು ಹೇಳಿದಾಗ "ಹಂಗಾದ್ರ ನೀವು ಸೋಲತೀರಿ ಮಾಮಾ" ಅಂದ. ಇರಬಹುದು, ಅಳೆದು ನೋಡಿದರೆ ಗೊತ್ತಾಗುತ್ತದೆ.

ಬೇಕಂತಲೇ ನಿಧಾನ ಮಾಡಿದ ಊರುಗಳು

ಅಂಕಿ ಬಂದ ಮೇಲೆ ಕಾರಣ ಕೇಳಬೇಕು. ಲಂಡನ್‌ನ 16 ಕಿ.ಮೀ.ಯಲ್ಲಿ ಜಾಮ್ ಎಷ್ಟು, ಅವರೇ ಹಾಕಿಕೊಂಡ ಮಿತಿ ಎಷ್ಟು? ಅಲ್ಲಿನ ಬಹಳಷ್ಟು ರಸ್ತೆಗಳಲ್ಲಿ ಗಂಟೆಗೆ 20 ಮೈಲಿ, ಅಂದರೆ 32 ಕಿ.ಮೀ. ಮಿತಿ ಇದೆ. ಮೀರಿದರೆ ಕ್ಯಾಮೆರಾ ಹಿಡಿಯುತ್ತದೆ. ನಸುಕಿನಲ್ಲಿ ರಸ್ತೆ ಖಾಲಿ ಇದ್ದರೂ ಅಷ್ಟೇ. ಹಾಗಾಗಿ ಅಲ್ಲಿ ಖಾಲಿ ರಸ್ತೆಯ ವೇಗವೂ ಕಡಿಮೆ ಬರುತ್ತದೆ. ಬ್ರಸೆಲ್ಸ್ 2021ರ ಜನವರಿಯಲ್ಲಿ, ಪ್ಯಾರಿಸ್ ಅದೇ ವರ್ಷದ ಆಗಸ್ಟ್ ಕೊನೆಗೆ ಊರಿನ ಹೆಚ್ಚಿನ ರಸ್ತೆಗಳಲ್ಲಿ 30 ಕಿ.ಮೀ. ಮಿತಿ ತಂದವು. ವೇಲ್ಸ್ 2023ರ ಸೆಪ್ಟೆಂಬರ್ 17ರಿಂದ ಜನವಸತಿ ಇರುವ ರಸ್ತೆಗಳಿಗೆ 20 ಮೈಲಿ ಮಾಡಿತು. ಲಂಡನ್ 2003ರ ಫೆಬ್ರವರಿಯಿಂದಲೇ ನಡು ಊರಿಗೆ ಬರುವ ಕಾರಿಗೆ ದಿನಕ್ಕೆ 5 ಪೌಂಡ್ ಶುಲ್ಕ ಹಾಕಿತು, ಈಗ ಅದು ಎಷ್ಟೋ ಪಟ್ಟು ಏರಿದೆ. ಸಿಂಗಾಪುರ ಅದಕ್ಕೂ ಮೊದಲೇ, 1975ರಲ್ಲಿ ಶುರು ಮಾಡಿತ್ತು.

ನಮ್ಮಲ್ಲಿ ಉಲ್ಟಾ. ಕೇಂದ್ರ ಸರ್ಕಾರದ 2018ರ ಅಧಿಸೂಚನೆಯ ಪ್ರಕಾರ ನಗರದ ರಸ್ತೆಯಲ್ಲಿ ಕಾರಿಗೆ ಗರಿಷ್ಠ 70 ಕಿ.ಮೀ. ತನಕ ಅವಕಾಶ, ಸ್ಥಳೀಯವಾಗಿ ಇನ್ನೂ ಕಡಿಮೆ ಮಾಡಬಹುದು. ಕಾಗದದ ಮೇಲೆ 70, ದಾಜಿಬಾನ್ ಪೇಟೆಯಲ್ಲಿ 12. ಅವರದು ಬೋರ್ಡು ಹಾಕಿ ಮಾಡಿದ ನಿಧಾನ, ನಮ್ಮದು ಗುಂಡಿ ಬಿದ್ದು ಆದ ನಿಧಾನ. ಪಟ್ಟಿಯಲ್ಲಿ ಎರಡೂ ಒಂದೇ ಅಂಕಿಯಾಗಿ ಕಾಣುತ್ತವೆ. ಅದಕ್ಕೇ ಪ್ರತಿ ದಾರಿಯ ಪಕ್ಕ ಕಾರಣ ಎನ್ನುವ ಒಂದು ಸಾಲು ಇರಲಿ: ಮಿತಿ, ಸಿಗ್ನಲ್, ಕಿರಿದು, ಗುಂಡಿ, ಪಾರ್ಕಿಂಗ್, ಕೆಲಸ ನಡೆದಿದೆ, ಹೀಗೆ ಒಂದೊಂದೇ ಪದ.

ವೇಗದ ಪಕ್ಕದಲ್ಲಿ ಅಪಘಾತದ ಅಂಕಿಯನ್ನೂ ಇಡಿ ಅಂತ ನನ್ನ ಸಲಹೆ. 2022ರಲ್ಲಿ ಭಾರತದಲ್ಲಿ ರಸ್ತೆ ಅಪಘಾತದಿಂದ ಸತ್ತವರು 1,68,491. ಅದೇ ವರ್ಷ ಬ್ರಿಟನ್ನಿನಲ್ಲಿ 1,711. ನಮ್ಮ ಜನಸಂಖ್ಯೆ ಇಪ್ಪತ್ತು ಪಟ್ಟು ಜಾಸ್ತಿ, ಸಾವು ನೂರು ಪಟ್ಟು ಹತ್ತಿರ. ಹುಬ್ಬಳ್ಳಿ-ಧಾರವಾಡ ಬೈಪಾಸ್ ಡಿವೈಡರ್ ಇಲ್ಲದ ಎರಡು ಲೇನಿನ ರಸ್ತೆಯಾಗಿದ್ದ ಕಾಲದಲ್ಲಿ ವೇಗಕ್ಕೇನೂ ಕೊರತೆ ಇರಲಿಲ್ಲ. 2021ರ ಜನವರಿಯಲ್ಲಿ ಇಟ್ಟಿಗಟ್ಟಿ ಬಳಿ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಟೆಂಪೋ ಟ್ರಾವೆಲರ್ ಎದುರಿನ ಟಿಪ್ಪರ್‌ಗೆ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಆ ರಸ್ತೆಯನ್ನು ವೇಗದ ಪಟ್ಟಿಯಲ್ಲಿ ಮೇಲೆ ಬರೆಯಲು ನನಗೆ ಕೈ ಬರುವುದಿಲ್ಲ.

ಗಾಡಿ ಎಣಿಸಿದ್ದು ಸಾಕು, ಜನರನ್ನೂ ಎಣಿಸಿ

ಈ ಪಟ್ಟಿಗಳೆಲ್ಲ ಕಾರಿನಲ್ಲಿ ಕೂತವನ ಕಣ್ಣಿನಿಂದ ನೋಡುತ್ತವೆ. ನಮ್ಮ ಅವಳಿ ನಗರದಲ್ಲಿ ಅದು ಅರ್ಧ ಚಿತ್ರ. ಹುಬ್ಬಳ್ಳಿ-ಧಾರವಾಡದ ನಡುವೆ ಸುಮಾರು 22 ಕಿ.ಮೀ. ಬಿಆರ್‌ಟಿಎಸ್ ದಾರಿ ಇದೆ, ಅದರಲ್ಲಿ ಚಿಗರಿ ಬಸ್ಸು ಓಡುತ್ತವೆ. ರಸ್ತೆಯ ನಡುವೆ ಬಸ್ಸಿಗೇ ಬೇರೆ ಲೇನು. ಉಣಕಲ್, ನವನಗರದ ಕಡೆ ಕಾರುಗಳು ಸಾಲುಗಟ್ಟಿ ನಿಂತಿದ್ದರೂ ಬಸ್ಸು ಪಕ್ಕದಲ್ಲಿ ಹೋಗುತ್ತಿರುತ್ತದೆ. ಊರಿನ ನಡು ಭಾಗಕ್ಕೆ ಬಂದಾಗ ಅದೂ ಎಲ್ಲರ ಜೊತೆಗೇ ನಿಲ್ಲಬೇಕು. ಈ ಬಗೆಯ ಬಸ್ ದಾರಿಗೆ ಹೆಸರುವಾಸಿ ಯಾವ ಊರು ಗೊತ್ತಾ? ಅದೇ ಬೊಗೋಟಾ. ಅಲ್ಲಿನ ಟ್ರಾನ್ಸ್‌ಮಿಲೇನಿಯೊ 2000ದ ಡಿಸೆಂಬರ್‌ನಲ್ಲಿ ಶುರುವಾಯಿತು. ಕಾರಿನ ಲೆಕ್ಕದಲ್ಲಿ ಜಗತ್ತಿನ ಕೆಟ್ಟ ಜಾಮ್ ಇರುವ ಊರಿನಲ್ಲೇ ಲಕ್ಷಾಂತರ ಜನ ದಿನವೂ ಬೇರೆ ಲೇನಿನಲ್ಲಿ ಮುಂದೆ ಹೋಗುತ್ತಾರೆ.

ಬಸ್ಸಿನ ಹೊತ್ತು ಅಳೆಯುವಾಗ ಸ್ಟಾಪಿನಲ್ಲಿ ಕಾದದ್ದನ್ನೂ, ಸ್ಟಾಪಿನ ತನಕ ನಡೆದದ್ದನ್ನೂ ಸೇರಿಸಬೇಕು. ಇಲ್ಲದಿದ್ದರೆ ಕಾರಿಗೆ ಅನ್ಯಾಯ. ಪಾರ್ಕಿಂಗ್ ಹುಡುಕಿದ್ದನ್ನು ಬೇರೆ ಸಾಲಿನಲ್ಲಿ ಬರೆಯಿರಿ ಅಂದಿದ್ದೆ, ಆದರೆ ಬಸ್ಸಿಗೆ ಹೋಲಿಸುವಾಗ ಮಾತ್ರ ಅದನ್ನು ಕಾರಿನ ಹೊತ್ತಿಗೆ ಸೇರಿಸಿ, ಇಲ್ಲದಿದ್ದರೆ ಬಸ್ಸಿಗೆ ಅನ್ಯಾಯ. ಮನೆ ಬಾಗಿಲಿನಿಂದ ಮುಟ್ಟುವ ಬಾಗಿಲಿನವರೆಗೆ ಅಂತ ಎರಡಕ್ಕೂ ಒಂದೇ ನಿಯಮ ಇಟ್ಟುಕೊಂಡರೆ ಜಗಳ ಇಲ್ಲ. ನಮ್ಮ ಅಂಗಡಿಯಿಂದ ಧಾರವಾಡಕ್ಕೆ ಒಂದು ಸಣ್ಣ ಪಾರ್ಸೆಲ್ ಅರ್ಜೆಂಟ್ ಕಳಿಸಬೇಕಾದರೆ ಸಂಜೆ ಹೊತ್ತು ನಾನು ಹುಡುಗನನ್ನು ಚಿಗರಿ ಹತ್ತಿಸುತ್ತೇನೆ. ಓಮ್ನಿ ಬೆಳಗ್ಗೆ ಹೋಗಲಿ.

ಕೊನೆಗೆ ಉಳಿಯುವುದು ಬರೆದಿಡುವ ಕೆಲಸ. ಊರಿಗೊಂದು ಪುಟ ಮಾಡಿ. ದಾರಿ, ನೇರ ದೂರ, ಓಡಿದ ದೂರ, ನಸುಕಿನ ನಿಮಿಷ, ಸಂಜೆಯ ಕಡಿಮೆ-ಹೆಚ್ಚು ನಿಮಿಷ, ಕಾರಣ, ದಿನಾಂಕ. ಎರಡು ಊರನ್ನು ಹೋಲಿಸುವಾಗ ನಸುಕಿನ ಸಾಲನ್ನು ನಸುಕಿನ ಸಾಲಿಗೆ, ಸಂಜೆಯದನ್ನು ಸಂಜೆಯದಕ್ಕೆ ಹಿಡಿದು ನೋಡಿ. ನಸುಕಿನಲ್ಲೇ ಅಂತರ ದೊಡ್ಡದಾಗಿ ಕಂಡರೆ ರಸ್ತೆಯ ಮತ್ತು ಮಿತಿಯ ಮಾತು. ಸಂಜೆ ಮಾತ್ರ ಕಂಡರೆ ಗಾಡಿಗಳ ಮಾತು.

ಹುಬ್ಬಳ್ಳಿಯವರಿಗೆ ಇನ್ನೊಂದು ಎಚ್ಚರಿಕೆ. ಚೆನ್ನಮ್ಮ ಸರ್ಕಲ್ ಸುತ್ತ ಫ್ಲೈಓವರ್ ಕೆಲಸದ ಹೊತ್ತಿನಲ್ಲಿ ತೆಗೆದ ಅಂಕಿಯನ್ನು ಮಾಮೂಲಿ ದಿನದ ಅಂಕಿ ಅಂತ ಯಾರಿಗೂ ಕೊಡಬೇಡಿ. ಪಕ್ಕದಲ್ಲಿ 'ಕೆಲಸ ನಡೆದಿತ್ತು' ಅಂತ ಬರೆಯಿರಿ. ದಾರಿ ತೆರೆದ ಮೇಲೆ ಹಳೆಯದನ್ನು ಅಳಿಸದೆ ಹೊಸ ದಿನಾಂಕ ಹಾಕಿ ಮತ್ತೆ ಅಳೆಯಿರಿ. ಆಗ ಓಡಿದ ದೂರವನ್ನೂ ಹೊಸದಾಗಿ ನೋಡಿ. ಎಲ್ಲಾದರೂ ಒಂದು ತಿರುವು ಮುಚ್ಚಿ ಒನ್‌ವೇ ಮಾಡಿದ್ದರೆ ಅದು ಬೆಳೆದಿರುತ್ತದೆ.